ಕಾಲುವೆ ಪಠ್ಯಕ್ರಮಕ್ಕೆ ಸೇರಿದ್ದು

ಸುಸ್ಥಿರ ಉದ್ಯಮ ಮತ್ತು ಜವಾಬ್ದಾರಿಯುತ ಹೂಡಿಕೆ ಎಂಬ ವಿಷಯದಲ್ಲಿ ಹಿರಿಯ ಅಧಿಕಾರಿಗಳಿಗಾಗಿ ನಡೆಯುವ ಐದು ದಿನಗಳ ತರಬೇತಿಗೆ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಮ್ಯಾನೇಜರನನ್ನು ಅವನ ಪರಿಸರ ಕಾಳಜಿಯನ್ನು ಪರಿಗಣಿಸಿ ಆಯ್ಕೆ ಮಾಡಲಾಯಿತು. ಆ ಕಾಳಜಿ ತನ್ನಲ್ಲಿ ಯಾವ ಭಾಗದಲ್ಲಿದೆಯೆಂದು ಮ್ಯಾನೇಜರನಿಗೇ ಗೊತ್ತಿರಲಿಲ್ಲ. ತರಬೇತಿ ಪಡೆದವರು ಒಬ್ಬರಾದರೂ ಇರಬೇಕೆಂದು ದೊಡ್ಡ ಖರೀದಿದಾರರು ಪತ್ರ ಬರೆದಿದ್ದರು. ಯಜಮಾನರ ಅಳಿಯನಿಗೆ ಆ ವಾರ ಹಲ್ಲುನೋವಿತ್ತು. ಹೀಗೆ ಆಯ್ಕೆ ಪ್ರಕ್ರಿಯೆ ಪೂರ್ಣಗೊಂಡಿತು.

"ಹೋಗಿ ಬಾರಯ್ಯ," ಎಂದರು ಯಜಮಾನರು. "ಕೂತ್ಕೋ, ತಲೆ ಆಡಿಸು, ಸರ್ಟಿಫಿಕೇಟ್ ತಗೊಂಡು ಬಾ. ಏನಾದ್ರೂ ಕಲಿತು ಗಿಲಿತು ಬಂದೀಯ ಮತ್ತೆ."

ಮ್ಯಾನೇಜರ್ ಇಪ್ಪತ್ತೆರಡು ವರ್ಷಗಳಿಂದ ಹೇಳಿದಷ್ಟು ಮಾಡಿಕೊಂಡು ಬಂದ ಮನುಷ್ಯ. ಕಾರ್ಖಾನೆಯ ಹಿಂದೆ ಕೊಳಕು ನೀರನ್ನು ಶುದ್ಧ ಮಾಡುವ ಘಟಕವೊಂದಿತ್ತು. ತಪಾಸಣೆಯವರು ಬಂದ ದಿನ ಅದು ಗುರುಗುಟ್ಟುತ್ತಿತ್ತು. ಅವರು ಗೇಟು ದಾಟಿದ ಕೂಡಲೇ ಮ್ಯಾನೇಜರ್ ತನ್ನ ಕೋಣೆಯಿಂದಲೇ ಅದನ್ನು ಆರಿಸುತ್ತಿದ್ದ. ಆ ಸ್ವಿಚ್ಚು ಫ್ಯಾನಿನ ಸ್ವಿಚ್ಚಿನ ಪಕ್ಕದಲ್ಲೇ ಇತ್ತು. ಉಳಿದ ದಿನಗಳಲ್ಲಿ ಬಣ್ಣದ ನೀರು ನೇರವಾಗಿ ಕಾಲುವೆಗೆ. ಕಾಲುವೆ ಎರಡು ತಿರುವು ದಾಟಿದರೆ ಅವನ ಸ್ವಂತ ಅಕ್ಕನ ಲಾಂಡ್ರಿ.

ಅಕ್ಕನ ಬಾವಿಗೆ ಜಿನುಗುತ್ತಿದ್ದದ್ದು ಈ ನೀರೇ. ಆಸ್ಪತ್ರೆಯೊಂದರ ಬಿಳಿ ಕೋಟುಗಳನ್ನು ಒಗೆಯುವುದು ಅವಳ ಕೆಲಸ. ಹಿಂದಿನ ತಿಂಗಳು ಹದಿನಾಲ್ಕು ಕೋಟುಗಳು ತಿಳಿಗುಲಾಬಿಯಾಗಿ ಹೊರಬಂದಿದ್ದವು. ಮಕ್ಕಳ ಡಾಕ್ಟರೊಬ್ಬರು ಇನ್ನೆರಡು ಬೇಕೆಂದರಾದರೂ, ಉಳಿದವರ ದೂರಿನ ಮೇಲೆ ಆಸ್ಪತ್ರೆಯವರು ಕೆಲಸ ಬಿಡಿಸುವ ನೋಟಿಸು ಕೊಟ್ಟಿದ್ದರು.

"ಅಮ್ಮ ಹೋದ್ಮೇಲೆ ಊರೋರ ಬಟ್ಟೆ ಒಗೆದು ನಿನ್ನ ಓದಿಸ್ದೆ ಕಣೋ," ಎಂದಿದ್ದಳು ಅಕ್ಕ. "ಒಂದು ಸ್ವಿಚ್ಚು ಹಾಕೋಕೆ ನಿಂಗೇನೋ ಬಂದಿರೋದು ರೋಗ?"

"ಮೇಲಿನವರ ಹತ್ರ ಮಾತಾಡ್ತೀನಕ್ಕ," ಎಂದಿದ್ದ. ಮೇಲಿನವರೆಂದರೆ ಮೇಲಿನ ಮಹಡಿಯಲ್ಲಿ ಕೂರುವ ಯಜಮಾನರು. ಮೆಟ್ಟಿಲು ಹದಿನೆಂಟು. ಅವನು ಒಂಬತ್ತು ಹತ್ತಿ, ಅಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, ಒಂಬತ್ತನ್ನೂ ಇಳಿದು ಬಂದಿದ್ದ. ಅರ್ಧ ದಾರಿ ಹೋಗಿದ್ದೇನಲ್ಲ ಎಂಬ ಸಮಾಧಾನ ಅವನಿಗೆ ಎರಡು ದಿನ ಇತ್ತು.

ತರಬೇತಿ ನಡೆದ ಸಭಾಂಗಣ ಎಷ್ಟು ತಣ್ಣಗಿತ್ತೆಂದರೆ, ಭೂಮಿ ಬಿಸಿಯಾಗುತ್ತಿರುವ ಕುರಿತ ಉಪನ್ಯಾಸವನ್ನು ಎಲ್ಲರೂ ಶಾಲು ಹೊದ್ದು ಕೇಳಬೇಕಾಯಿತು. ಮೊದಲ ದಿನ ಕಣ್ಣು ಮುಚ್ಚಿ ತಂತಮ್ಮ ಬಾಲ್ಯದ ಮರವೊಂದನ್ನು ನೆನೆಯುವ ಕಾರ್ಯಕ್ರಮವಿತ್ತು. ಸಿಮೆಂಟ್ ಕಂಪನಿಯವರು ಬಿಕ್ಕಿದರು. ಕೊನೆಯ ದಿನ ಪ್ರತಿಯೊಬ್ಬರೂ ತಮ್ಮ ಸಂಸ್ಥೆಯ ಒಂದು ತಪ್ಪನ್ನು ಎದ್ದುನಿಂತು ಒಪ್ಪಿಕೊಳ್ಳತಕ್ಕದ್ದು ಎಂಬ ನಿಯಮವಿತ್ತು. ಕಲ್ಲಿದ್ದಲು ಗಣಿಯವರು, ತಮ್ಮ ಕಚೇರಿಯಲ್ಲಿ ಹಾಳೆಯ ಒಂದೇ ಬದಿಗೆ ಮುದ್ರಿಸಲಾಗುತ್ತಿದೆ ಎಂದು ಭಾರವಾದ ದನಿಯಲ್ಲಿ ಒಪ್ಪಿಕೊಂಡರು. ಚಪ್ಪಾಳೆ ಬಿತ್ತು.

ಮ್ಯಾನೇಜರ್ ಟ್ಯೂಬ್‌ಲೈಟುಗಳ ಬಗ್ಗೆ ಏನೋ ಬರೆದುಕೊಂಡು ಬಂದಿದ್ದ. ಅವನ ಸರದಿ ಬಂದಾಗ, ತರಬೇತಿಯ ನಿರ್ದೇಶಕಿ ಮೇಡಂ ಅವನ ಧೈರ್ಯ ಹೆಚ್ಚಿಸಲೆಂದು, "ನಿಮ್ಮ ಶರ್ಟಿನ ಬಣ್ಣ ಬಹಳ ಚೆನ್ನಾಗಿದೆ. ನೈಸರ್ಗಿಕ ಬಣ್ಣವೇ?" ಎಂದು ಕೇಳಿದರು.

"ಇಲ್ಲ ಮೇಡಂ," ಎಂದ ಮ್ಯಾನೇಜರ್. "ಇದು ಬಿಳಿ ಶರ್ಟು."

ಆಮೇಲೆ ಬಾಯಿಗೆ ಬೀಗ ಬೀಳಲಿಲ್ಲ. ಘಟಕ, ಸ್ವಿಚ್ಚು, ಕಾಲುವೆ, ಅಕ್ಕ, ಹದಿನಾಲ್ಕು ಕೋಟು, ಒಂಬತ್ತು ಮೆಟ್ಟಿಲು, ಎಲ್ಲವನ್ನೂ ಹೇಳಿಬಿಟ್ಟ. ಕೊನೆಗೆ, "ತಪ್ಪು ಯಜಮಾನರದ್ದು ಅಂತ ಹೇಳ್ಕೊಂಡು ತಿರುಗ್ತೀನಿ ಮೇಡಂ, ಆದ್ರೆ ಸ್ವಿಚ್ಚಿನ ಮೇಲಿರೋ ಬೆರಳು ನಂದೇ," ಎಂದು ಅತ್ತ. ಸಭೆ ಎದ್ದು ನಿಂತಿತು.

"ಎಷ್ಟೋ ವರ್ಷದಿಂದ ಪಾಠ ಮಾಡ್ತಿದ್ದೀನಿ," ಎಂದರು ಮೇಡಂ ಕಣ್ಣೊರೆಸಿಕೊಳ್ಳುತ್ತ. "ಇಷ್ಟು ಪರಿಪೂರ್ಣವಾದ ಕಾಲುವೆ ನನಗೆ ಸಿಕ್ಕಿರಲಿಲ್ಲ."

ಮರುದಿನ ಮ್ಯಾನೇಜರ್ ಹದಿನೆಂಟೂ ಮೆಟ್ಟಿಲು ಹತ್ತಿದ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿ, ಮೇಜಿನ ಖಾನೆಯಲ್ಲಿದ್ದ ತನ್ನ ಕನ್ನಡಕ, ಮಾತ್ರೆ, ಬಾಚಣಿಗೆಗಳನ್ನು ಜೇಬಿಗೆ ತುಂಬಿಕೊಂಡೇ ಹೋಗಿದ್ದ. ಯಜಮಾನರು ಎದ್ದು ಬಂದು ತಬ್ಬಿಕೊಂಡಾಗ ಬಾಚಣಿಗೆ ಚುಚ್ಚಿತು.

"ಏನಯ್ಯ ಮಾಡ್ಬಿಟ್ಟೆ ನೀನು! ಆ ತರಬೇತೀಲಿ ಕೂತಿದ್ದ ಹೂಡಿಕೆ ನಿಧಿಯವರು ನಮಗೆ ದುಡ್ಡು ಹಾಕ್ತೀವಿ ಅಂತ ತಾವಾಗೇ ಪತ್ರ ಬರೆದಿದ್ದಾರೆ. ಇಷ್ಟು ಪ್ರಾಮಾಣಿಕ ಕಂಪನಿ ನೋಡೇ ಇಲ್ವಂತೆ."

"ಹಾಗಾದ್ರೆ ಸಾರ್," ಎಂದ ಮ್ಯಾನೇಜರ್, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, "ಸ್ವಿಚ್ಚು ಹಾಕಿಬಿಡ್ಲಾ?"

ಯಜಮಾನರು ಮಗುವಿಗೆ ತಿಳಿಹೇಳುವಂತೆ ಪತ್ರವನ್ನು ಅವನ ಮುಂದೆ ಬಿಡಿಸಿದರು.

"ನಿಯಮ ೪: ಈ ಹೂಡಿಕೆಯು ಸುಧಾರಣೆಯ ಹಾದಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಸುಧಾರಿಸಿ ಮುಗಿದ ಸಂಸ್ಥೆಗಳು ಅರ್ಹವಾಗಿರುವುದಿಲ್ಲ. ನಿಯಮ ೫: ಹಾದಿಯ ಉದ್ದವನ್ನು ಆಯಾ ಸಂಸ್ಥೆಯೇ ನಿರ್ಧರಿಸಿಕೊಳ್ಳತಕ್ಕದ್ದು."

ಮೇಡಂ ಅವರ ಪತ್ರವೂ ಜೊತೆಗಿತ್ತು. ಕಾಲುವೆಯನ್ನು 'ಜೀವಂತ ಪಾಠ' ಎಂದು ಘೋಷಿಸಲಾಗಿದ್ದು, ಇನ್ನುಮುಂದೆ ಪ್ರತಿ ತಂಡವೂ ಅದನ್ನು ನೋಡಲು ಬರುವುದೆಂದೂ, ಪಠ್ಯಕ್ರಮ ಬದಲಾಗುವವರೆಗೆ ಪಾಠದ ಬಣ್ಣ ಬದಲಿಸಬಾರದೆಂದೂ ಅದರಲ್ಲಿ ವಿನಂತಿಸಲಾಗಿತ್ತು. ಮ್ಯಾನೇಜರನನ್ನು ಅಂದೇ ಸುಸ್ಥಿರತೆಯ ಮುಖ್ಯಸ್ಥನನ್ನಾಗಿ ನೇಮಿಸಲಾಯಿತು.

ಸಂಜೆ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ವಿವರಿಸಿದ.

"ಅಂದ್ರೆ ನೀರು ಹಾಗೇ ಇರುತ್ತೆ," ಎಂದಳು ಅಕ್ಕ.

"ಹಾಗೇ ಇರುತ್ತೆ. ಆದ್ರೆ ಈಗ ಎಲ್ರಿಗೂ ಗೊತ್ತು."

ಅಕ್ಕ ಹಿಂಡುತ್ತಿದ್ದ ಬಟ್ಟೆಯನ್ನು ಎಷ್ಟು ಜೋರಾಗಿ ಹಿಂಡಿದಳೆಂದರೆ ಮ್ಯಾನೇಜರ್ ತನ್ನ ಕತ್ತು ಮುಟ್ಟಿ ನೋಡಿಕೊಂಡ.

ಆಸ್ಪತ್ರೆಯ ಕೆಲಸ ಹೋಯಿತು. ಮೇಡಂ ಕೈಬಿಡಲಿಲ್ಲ. ಅಕ್ಕನನ್ನು 'ಬಾಧಿತರ ಪ್ರತಿನಿಧಿ'ಯಾಗಿ ನೇಮಿಸಿ, ಪ್ರತಿ ತಂಡದ ಮುಂದೆ ಇಪ್ಪತ್ತು ನಿಮಿಷ ಮಾತಾಡಲು ಕರೆದರು. ಬಂದವರಿಗೆಲ್ಲ ನೆನಪಿನ ಕಾಣಿಕೆಯಾಗಿ, ಕಾಲುವೆಯ ನೀರಲ್ಲಿ ಒಗೆದ ಒಂದೊಂದು ಏಪ್ರನ್ ಕೊಡುವ ಕೆಲಸವೂ ಅವಳಿಗೇ ಬಂತು. ಬಿಳಿಯಾಗಿ ಉಳಿದ ಏಪ್ರನ್‌ಗಳನ್ನು ತಿರಸ್ಕರಿಸಲಾಗುವುದು ಎಂದು ಕರಾರಿನಲ್ಲಿತ್ತು. ಮೊದಲ ಸಲ ಅಕ್ಕ ಇಪ್ಪತ್ತು ನಿಮಿಷವೂ ಬೈದಳು, ತಂಡ ಮೆಚ್ಚಿತು. ಮೂರನೆಯ ಸಲಕ್ಕೆ ಎಲ್ಲಿ ನಿಲ್ಲಿಸಿ ನಿಟ್ಟುಸಿರು ಬಿಡಬೇಕೆಂಬುದು ಅವಳಿಗೆ ಕರಗತವಾಗಿತ್ತು. ಲಾಂಡ್ರಿಗೆ ಇಬ್ಬರು ಹೆಂಗಸರನ್ನು ಹೊಸದಾಗಿ ಸೇರಿಸಿಕೊಂಡಳು.

ಎಲ್ಲವೂ ಹೀಗೆ ಸುಗಮವಾಗಿರುವಾಗ ಕಾರ್ಖಾನೆಯ ಬಾಯ್ಲರ್ ಕೆಟ್ಟು ಹನ್ನೆರಡು ದಿನ ಕೆಲಸ ನಿಂತಿತು. ಯಾರ ಅನುಮತಿಯನ್ನೂ ಪಡೆಯದೆ ಕಾಲುವೆ ತಿಳಿಯಾಯಿತು. ಶುಕ್ರವಾರ ಮೇಡಂ ಫೋನ್ ಮಾಡಿದರು.

"ಕಾಲುವೆ ಪಠ್ಯಕ್ಕೆ ಅನುಗುಣವಾಗಿ ನಡೆದುಕೊಳ್ತಿಲ್ಲ ಅಂತ ವರದಿ ಬಂದಿದೆ. ಸೋಮವಾರ ನಲವತ್ತು ಜನ ಬರ್ತಿದ್ದಾರೆ. ನೀವು ಮುಖ್ಯಸ್ಥರು, ನೋಡ್ಕೊಳ್ಳಿ."

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಎರಡು ಬಕೆಟ್ ಕೆಂಪು ಬಣ್ಣ ಹೊತ್ತು ಅಕ್ಕನ ಮನೆಯ ಹಿಂದೆ ಬಂದು ನಿಂತ. ಕಾಲುವೆಯ ತಳದ ಮರಳು ಕಾಣುತ್ತಿತ್ತು. ಬೆರಳುದ್ದದ ಮೀನುಗಳು ಗುಂಪಾಗಿ ಅತ್ತ ಹೋಗಿ ಇತ್ತ ಬರುತ್ತಿದ್ದವು. ಅವನು ಬಕೆಟ್ ಎತ್ತಿದ, ಇಳಿಸಿದ. ಮತ್ತೆ ಎತ್ತಿದ, ಇಳಿಸಿದ. ಯಾರಾದರೂ ಬೇಡ ಎನ್ನಲಿ ಎಂದು ಕಾದ. ತಾನೇ ಅನ್ನಬಹುದೆಂಬುದೂ ಹೊಳೆಯಿತು. ಆದರೆ ಆ ಅಧಿಕಾರ ಹೊಸ ಹುದ್ದೆಯ ವಿವರಗಳಲ್ಲಿ ಇರಲಿಲ್ಲ.

ಅಕ್ಕ ಒದ್ದೆ ಕೈಯಲ್ಲೇ ಹೊರಬಂದಳು. ಸದ್ಯ, ಬಂದಳಲ್ಲ ಎಂದುಕೊಂಡ ಮ್ಯಾನೇಜರ್.

"ಅಕ್ಕ, ನೀರು ನೋಡು."

ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡಳು.

"ಇಲ್ಲಿ ಹುಯ್ದ್ರೆ ಒಂದೇ ಕಡೆ ಗಟ್ಟಿಯಾಗುತ್ತೆ ಕಣೋ. ಸೇತುವೆ ಹತ್ರ ಹೋಗಿ ಹುಯ್ಯಿ, ಚೆನ್ನಾಗಿ ಹರಡ್ಕೊಂಡು ಬರುತ್ತೆ. ಬೇಗ, ನಲವತ್ತು ಏಪ್ರನ್ ಇನ್ನೂ ಬಿಳಿಯಾಗೇ ಕೂತಿವೆ."

ಹಿರಿಯರ ಮಾತು. ಅವನು ಸೇತುವೆಗೆ ಹೋದ.

ಹತ್ತು ಗಂಟೆಗೆ ಬಸ್ಸು ಬಂತು. ನಲವತ್ತು ಜನ ದಡದುದ್ದಕ್ಕೂ ಮೌನವಾಗಿ ನಿಂತು ಮನ ಕಲಕಿಸಿಕೊಂಡರು. ಹಿರಿಯ ಅಧಿಕಾರಿಯೊಬ್ಬರು ಮಾತ್ರ ಮ್ಯಾನೇಜರನ ಮೊಣಕೈವರೆಗೆ ಕೆಂಪಾದ ಕೈಗಳನ್ನು ಕಂಡು ಗಾಬರಿಯಾದರು.

"ಇದೇನು ಸಾರ್, ಏನಾಯ್ತು?"

"ಕ್ಷೇತ್ರಕಾರ್ಯ," ಎಂದ ಮ್ಯಾನೇಜರ್.

ಅವರು ಗೌರವದಿಂದ ತಲೆಬಾಗಿಸಿ, ಪುಸ್ತಕ ತೆಗೆದು ಬರೆದುಕೊಂಡರು.