ಹತ್ತೊಂಬತ್ತು ಉಡುಗೊರೆಗಳ ನಡುವೆ ಒಂದನ್ನೂ ಕೊಡದ ಸಾಂತಾ ಅವರಿಗೆ

ಉತ್ತರ ಧ್ರುವದ ಕಾಯಂ ನಿವಾಸಿಗಳೂ, ಹಿಮಸಾರಿಗೆಯ ಏಕಮಾತ್ರ ಚಾಲಕರೂ, ಮಕ್ಕಳ ಪಾಲಿನ ಮಹಾದಾನಿಗಳೂ ಆದ ಶ್ರೀ ಸಾಂತಾ ಕ್ಲಾಸ್ ಅವರ ಸನ್ನಿಧಿಗೆ, ಹಾವೇರಿ ಜಿಲ್ಲೆಯ ಶಿಗ್ಗಾಂವಿಯಿಂದ ಶರಣು ಶರಣಾರ್ಥಿಗಳು.

ಮಾನ್ಯರೇ,

ಮೊದಲಿಗೆ ತಮ್ಮ ಜಿಂಕೆಗಳ ಆರೋಗ್ಯ ವಿಚಾರಿಸುತ್ತೇನೆ. ಮನೆಯ ದನಕರುಗಳ ಕ್ಷೇಮ ಕೇಳದೆ ಮನುಷ್ಯರ ವಿಷಯಕ್ಕೆ ಬರುವುದು ನಮ್ಮ ಕಡೆ ಮರ್ಯಾದೆ ಅನ್ನಿಸುವುದಿಲ್ಲ. ಇತ್ತ ಗೋವಿನಜೋಳದ ರಾಶಿ ಮುಗಿದಿದೆ, ಚಳಿ ಹಿತವಾಗಿದೆ, ನಾವೆಲ್ಲರೂ ಕ್ಷೇಮ. ನನ್ನ ಐದು ವರ್ಷದ ಮೊಮ್ಮಗಳು ತನುಜಾ ಮಾತ್ರ ಕ್ಷೇಮವಾಗಿಲ್ಲ, ಅದಕ್ಕೆ ಕಾರಣರು ತಾವು ಎಂದು ಅತ್ಯಂತ ವಿನಯದಿಂದ ತಿಳಿಸಲು ಈ ಪತ್ರ.

ಡಿಸೆಂಬರ್ ಇಪ್ಪತ್ತನಾಲ್ಕರಂದು ಅವಳ ಶಾಲೆಯಲ್ಲಿ ತಮ್ಮ ಹೆಸರಿನಲ್ಲಿ ಒಂದು ಸಮಾರಂಭ ನಡೆಯಿತು. ಅವಳ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಮೂವತ್ತು ಮಕ್ಕಳಿಗೆ ತಮ್ಮಿಂದ ತಲಾ ಒಂದೊಂದು ಉಡುಗೊರೆ ಸಂದಿತು. ತನುಜಾಳಿಗೆ ಹತ್ತೊಂಬತ್ತು ಸಂದವು, ಆದರೆ ಆ ಹತ್ತೊಂಬತ್ತರಲ್ಲಿ ತಮ್ಮದು ಒಂದೂ ಇರಲಿಲ್ಲ. ಇದರಲ್ಲಿ ಬೇರೆಯವರ ತಪ್ಪೂ ಸ್ವಲ್ಪ ಇದೆಯೆಂದು ನನ್ನ ಹೆಂಡತಿ ಮಹಾದೇವಕ್ಕ ಹೇಳುತ್ತಾಳೆ. ಆ ಬೇರೆಯವರು ಯಾರೆಂದು ಕ್ರಮೇಣ ತಮಗೆ ತಿಳಿಯುತ್ತದೆ, ದಯವಿಟ್ಟು ಅವಸರ ಮಾಡಬೇಡಿ.

ನನ್ನ ಪರಿಚಯ ತಮಗಿಲ್ಲ. ನನ್ನದು ಮೈಕ್ ಸೆಟ್ಟಿನ ಅಂಗಡಿ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ತು ವರ್ಷಗಳಿಂದ ಮದುವೆಗಳ ಆಯೇರಿ ಕೂಗುತ್ತಾ ಬಂದಿದ್ದೇನೆ. ಆಯೇರಿ ಎಂದರೆ ನೆಂಟರಿಷ್ಟರು ಕೊಡುವ ಉಡುಗೊರೆ. ಅಕ್ಕಿಕಾಳು ಬಿದ್ದ ಮೇಲೆ ಅವರು ಸಾಲಾಗಿ ವೇದಿಕೆ ಹತ್ತಿ ನನ್ನ ಕಿವಿಯಲ್ಲಿ ಹೆಸರು ಹೇಳುತ್ತಾರೆ, ನಾನು ಮೈಕಿನಲ್ಲಿ ಇಂಥ ಊರಿನ ಇಂಥವರಿಂದ ವಧುವಿಗೆ ಒಂದು ತಾಮ್ರದ ಕೊಡ ಎಂದು ಊರಿಗೆಲ್ಲ ಸಾರುತ್ತೇನೆ. ಹೆಸರು ಕೂಗದಿದ್ದರೆ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ. ಬಂಕಾಪುರದ ಒಂದು ಮದುವೆಯಲ್ಲಿ ಒಬ್ಬ ಹಿರಿಯರು, ಸರಿಯಾಗಿ ಅವರ ಹೆಸರು ಕೂಗುವ ಹೊತ್ತಿಗೆ ಕರೆಂಟ್ ಹೋಯಿತೆಂದು ಊಟಕ್ಕೂ ಕೂರದೆ, ಕೊಡವನ್ನು ಕಂಕುಳಲ್ಲಿ ಇಟ್ಟುಕೊಂಡು ಕರೆಂಟ್ ಬರುವವರೆಗೆ ನಿಂತೇ ಇದ್ದರು. ಅವರ ನಿಲುವು ನನಗೆ ಇಂದಿಗೂ ಸರಿ ಅನ್ನಿಸುತ್ತದೆ.

ಇಂಥ ನನ್ನ ಕೈಗೆ ಶಾಲೆಯ ನೋಟೀಸು ಬಂತು. ಪಾಲಕರು ಒಂದು ಉಡುಗೊರೆಯನ್ನು ಕಾಗದ ಸುತ್ತಿ, ಮೇಲೆ ಮಗುವಿನ ಹೆಸರು ಮಾತ್ರ ಬರೆದು, ಗುಟ್ಟಾಗಿ ಶಾಲೆಗೆ ತಲುಪಿಸಬೇಕು, ಅದನ್ನು ಸಾಂತಾ ಒಳ್ಳೆಯ ಮಕ್ಕಳಿಗೆಲ್ಲ ಹಂಚುತ್ತಾರೆ ಎಂದಿತ್ತು. ಓದಿ ನನಗೆ ಹೆಡ್‌ಮೇಡಂ ಬಗ್ಗೆ ಕನಿಕರ ಬಂತು. ಪಾಪ, ಕೆಲಸದ ಗಡಿಬಿಡಿಯಲ್ಲಿ ಕೊಟ್ಟವರ ಹೆಸರು ಬರೆಯಬೇಕೆಂಬುದನ್ನೇ ಮರೆತುಬಿಟ್ಟಿದ್ದಾರೆ ಅಂದುಕೊಂಡೆ. ಸೊಸೆ ಶ್ವೇತಾ ನನ್ನನ್ನು ಕೂರಿಸಿಕೊಂಡು, ಇದು ಮರೆತದ್ದಲ್ಲ, ಈ ಹಬ್ಬದ ಪದ್ಧತಿಯೇ ಹೀಗೆ ಎಂದು ಎರಡು ಸಲ ಬಿಡಿಸಿ ಹೇಳಿದಳು. ಅನುಭವವಿಲ್ಲದವರ ಮಾತನ್ನು ಹೇಗೆ ಕೇಳಬೇಕೋ ಹಾಗೆ ನಗುನಗುತ್ತಾ ಕೇಳಿದೆ. ಮೈಕ್ ಹೇಗೂ ನಮ್ಮ ಅಂಗಡಿಯದು, ಕೂಗುವವನು ನಾನೇ, ಆದ್ದರಿಂದ ಲೋಪವನ್ನು ಅಲ್ಲಿಯೇ ಸರಿಪಡಿಸಬಹುದೆಂದು ಧೈರ್ಯ ತಂದುಕೊಂಡು ಒಂದು ಮೂರು ಚಕ್ರದ ಸೈಕಲ್ ತಂದೆ, ಅದರ ಹ್ಯಾಂಡಲ್ಲಿಗೆ ನನ್ನ ಹೆಸರಿನ ಚೀಟಿ ಕಟ್ಟಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರ ಇಷ್ಟು ಉದ್ದ ಆಗುತ್ತಿರಲಿಲ್ಲ. ಆದರೆ ಸಮಾರಂಭವೊಂದಿದೆ, ಹೆಸರು ಕೂಗಲಾಗುತ್ತದೆ ಎಂದ ಮೇಲೆ ನೆಂಟರಿಗೆ ತಿಳಿಸದಿರುವುದು ಹೇಗೆ? ಹಿರೇಕೆರೂರಿನ ನಮ್ಮ ಬೀಗರಿಗೆ, ಅಂದರೆ ಶ್ವೇತಾಳ ತಂದೆ ನಾಗಪ್ಪನವರಿಗೆ ಫೋನ್ ಮಾಡಿದೆ. ಮೊಮ್ಮಗಳಿಗೆ ಏನು ತರಬೇಕೆಂದಿದ್ದೀರಿ ಎಂದು ಅವರು ತಿರುಗಿ ಕೇಳಿದಾಗ ಸೈಕಲ್ಲಿನ ವಿಷಯ ಬಾಯಿಬಿಟ್ಟದ್ದು ನನ್ನ ತಪ್ಪು. ಅವರು ಬ್ಯಾಟರಿ ಮೇಲೆ ಓಡುವ ಜೀಪು ತೆಗೆದುಕೊಂಡರೆಂದು ಮರುದಿನ ಸುದ್ದಿ ಬಂತು. ನಾನು ಜೋಕಾಲಿ ತಂದೆ. ಅವರು ಜಾರುಬಂಡಿ ತಂದರು. ನಾನು ಮರದ ಕುದುರೆ, ಅಡುಗೆಯಾಟದ ಸಾಮಾನು, ಅಂಗೈಯಗಲದ ಹಾರ್ಮೋನಿಯಂ ತಂದು ಮೂರಕ್ಕೂ ಬೇರೆ ಬೇರೆ ಚೀಟಿ ಕಟ್ಟಿದೆ, ಒಂದೇ ಚೀಟಿಯಾದರೆ ಹೆಸರು ಒಂದೇ ಸಲ ಕೂಗಬೇಕಾಗುತ್ತದೆ. ಹಾನಗಲ್ಲಿನ ನನ್ನ ತಂಗಿ ಆಳೆತ್ತರದ ಗೊಂಬೆ ಕಳಿಸಿದಳು. ಉಳಿದವರಿಗೆ ತಮ್ಮ ಹಬ್ಬದ ರೀತಿ ರಿವಾಜು ಗೊತ್ತಿಲ್ಲದ ಕಾರಣ, ಸಮಾರಂಭಕ್ಕೆ ಏನು ಒಯ್ಯುವುದು ರೂಢಿಯೋ ಅದನ್ನೇ ತಂದರು. ಹೀಗಾಗಿ ನನ್ನ ಮೊಮ್ಮಗಳಿಗೆ ಐದನೆಯ ವರ್ಷಕ್ಕೇ ಎರಡು ಸ್ಟೀಲ್ ಕೊಡ, ಒಂದು ಕುಬಸದ ಖಣ ಮತ್ತು ಮೂರು ಗೋಡೆ ಗಡಿಯಾರ ಕೂಡಿಬಂದಿವೆ. ಒಂದು ಗಡಿಯಾರವಂತೂ ಯಲವಿಗಿಯಿಂದ ಬಸ್ಸಿನಲ್ಲಿ, ನನ್ನ ದೊಡ್ಡಪ್ಪನ ಮಗನ ತೊಡೆಯ ಮೇಲೆ ಕೂತು ಬಂತು.

ಸಮಾರಂಭದ ದಿನ ತಮ್ಮ ವೇಷ ಹಾಕಿದ್ದವರು ಶಾಲೆಯ ವ್ಯಾನ್ ಓಡಿಸುವ ಬಂದೇಸಾಬರು. ಹತ್ತಿಯ ಗಡ್ಡ ಅವರಿಗೆ ಚೆನ್ನಾಗಿ ಒಪ್ಪಿತ್ತು, ಮಕ್ಕಳಿಗೆ ಗುರುತು ಸಿಗಲಿಲ್ಲ. ಅವರು ಚೀಲದಿಂದ ಒಂದೊಂದೇ ಪೊಟ್ಟಣ ತೆಗೆದು, ಬಿಚ್ಚಿ ಕೊಟ್ಟರು, ನಾನು ಕೂಗತೊಡಗಿದೆ. ಈಗ ನನ್ನ ಕಷ್ಟ ಕೇಳಿ. ಬೇರೆ ಪಾಲಕರೆಲ್ಲ ನೋಟೀಸಿಗೆ ವಿಧೇಯರಾಗಿ ಮಗುವಿನ ಹೆಸರು ಮಾತ್ರ ಬರೆದಿದ್ದರು, ಕೊಟ್ಟವರ ಹೆಸರು ಎಲ್ಲಿಯೂ ಇಲ್ಲ. ಮೂವತ್ತು ವರ್ಷದಲ್ಲಿ ನಾನು ಹೆಸರಿನ ಜಾಗವನ್ನು ಖಾಲಿ ಬಿಟ್ಟವನಲ್ಲ. ಆದ್ದರಿಂದ, ಎದುರಿಗೆ ನಿಂತ ಕೆಂಪಂಗಿಯವರನ್ನು ನೋಡಿ, ಸಾಂತಾ ಕ್ಲಾಸ್ ಅವರಿಂದ ಕುಮಾರಿ ಸುಮಯ್ಯಾಳಿಗೆ ಒಂದು ಪೆನ್ಸಿಲ್ ಡಬ್ಬಿ ಎಂದು ಕೂಗಿದೆ. ಹಾಗೆ ಮೂವತ್ತು ಸಲ ತಮ್ಮ ಹೆಸರನ್ನು ಈ ಗಂಟಲಿನಿಂದಲೇ ಮೆರೆಸಿದ್ದೇನೆ, ಅದನ್ನು ತಾವು ಮರೆಯಬಾರದು.

ಕೊನೆಗೆ ತನುಜಾಳ ಸರದಿ ಬಂತು. ಚೀಲಕ್ಕೆ ಹಿಡಿಸದೆ ಪಕ್ಕದಲ್ಲಿ ರಾಶಿ ಹಾಕಿದ್ದ ಅವಳ ಉಡುಗೊರೆಗಳ ಹತ್ತೊಂಬತ್ತೂ ಚೀಟಿಗಳನ್ನು ಊರು, ಮನೆತನ, ಸಂಬಂಧ ಸಮೇತ ಓದಿದೆ. ವೇದಿಕೆಯ ಕೆಳಗಿನಿಂದ ಹೆಡ್‌ಮೇಡಂ ಎರಡೂ ಕೈ ಬೀಸಿದರು. ಹಿಂದಿನವರಿಗೆ ಕೇಳಿಸುತ್ತಿಲ್ಲವೆಂದು ತಿಳಿದು ಧ್ವನಿ ಏರಿಸಿದೆ. ಮೊದಲ ಐದಾರು ಹೆಸರಿಗೆ ಮಗು ಕುಣಿಯುತ್ತಿತ್ತು. ಹತ್ತು ದಾಟಿದ ಮೇಲೆ ಉಡುಗೊರೆಗಳನ್ನು ನೋಡುವುದು ಬಿಟ್ಟು ಚೀಲದೊಳಗೆ ಬಗ್ಗಿ ನೋಡತೊಡಗಿತು. ಎಲ್ಲ ಮುಗಿದ ಮೇಲೂ ಕೆಳಗಿಳಿಯದೆ ಬಂದೇಸಾಬರ ಕೆಂಪಂಗಿ ಹಿಡಿದು, "ನಿಮ್ದು ಎಲ್ಲೈತ್ರಿ?" ಎಂದು ಕೇಳಿತು. ನನ್ನ ಮೈಕು ಒಳ್ಳೆಯ ಕಂಪನಿಯದು, ಆ ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು. ಬಂದೇಸಾಬರು ಪಾಪ ಚೀಲವನ್ನು ತಿರುವಿ ಝಾಡಿಸಿ ತೋರಿಸಿದರು, ಒಳಗೆ ಏನೂ ಇರಲಿಲ್ಲ.

ಎಲ್ಲವನ್ನೂ ಟಂಟಂ ಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದೆವು. ಅವಳು ಜೀಪು ಹತ್ತಲಿಲ್ಲ. ಗೊಂಬೆಯ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಸಂಜೆ ನನ್ನ ಪಕ್ಕದಲ್ಲಿ ಬಂದು ಕೂತು, "ಅಜ್ಜಾ, ನಾ ಶಾಣ್ಯಾಕಿ ಅಲ್ಲೇನು? ಸುಮಯ್ಯಾಗ ಕೊಟ್ಟ, ಎಲ್ಲಾರ್ಗೂ ಕೊಟ್ಟ, ನನಗಷ್ಟ ಯಾಕ ಕೊಡಲಿಲ್ಲ?" ಎಂದಳು. ಗೊಂಬೆ ನಿಜವಾಗಿ ಸಾಂತಾನದೇ ಎಂದು ಸುಳ್ಳು ಹೇಳಿ ನೋಡಿದೆ. ಅದು ಹಾನಗಲ್ಲಿನ ಅಜ್ಜಿ ಕೊಟ್ಟದ್ದೆಂದು ನನ್ನದೇ ಧಾಟಿಯಲ್ಲಿ ಒಪ್ಪಿಸಿ, ಉಳಿದ ಹದಿನೆಂಟನ್ನೂ ಸಾಲಾಗಿ ಹೇಳಿಬಿಟ್ಟಳು. ಅವಳ ನೆನಪಿನ ಶಕ್ತಿಗೆ ಹೆಮ್ಮೆ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಒಳಗಿನಿಂದ ಮಹಾದೇವಕ್ಕ ಮಾತ್ರ, "ಹತ್ತೊಂಬತ್ತ ಹೆಸರು ಕೂಗಿದ್ರಿ, ಒಂದ ಹೆಸರು ಬಿಟ್ರಿ" ಎಂದಳು. ಆಗಲೇ ತಿಳಿಸಿದ ಬೇರೆಯವರು ಯಾರೆಂದು ಇಷ್ಟು ಹೊತ್ತಿಗೆ ತಮಗೆ ಗೊತ್ತಾಗಿರಬೇಕು.

ಮರುದಿನದಿಂದ ಮಗು ಅತಿ ಒಳ್ಳೆಯದಾಗಿಬಿಟ್ಟಿತು. ಕರೆದರೆ ಮೊದಲ ಕೂಗಿಗೇ ಬರುತ್ತದೆ, ಹಾಗಲಕಾಯಿ ಪಲ್ಯ ತಿನ್ನುತ್ತದೆ, ಸುಮಯ್ಯಾಳ ಬಣ್ಣದ ಕಡ್ಡಿ ಮುರಿದದ್ದು ತಾನೇ ಎಂದು ಕೇಳದವರಿಗೂ ಒಪ್ಪಿಕೊಳ್ಳುತ್ತದೆ. ಸುಮಯ್ಯಾಳ ಪೆನ್ಸಿಲ್ ಡಬ್ಬಿಗೆ ಬದಲಾಗಿ ಬ್ಯಾಟರಿ ಜೀಪು ಕೊಡಲು ಹೋಗಿದ್ದಳಂತೆ, ಆ ಹುಡುಗಿ ಒಲ್ಲೆ ಎಂದಳಂತೆ. ಮಕ್ಕಳು ಹಟ ಮಾಡಿದರೆ ಸಹಿಸಬಹುದು, ಮಾನ್ಯರೇ. ಐದು ವರ್ಷದ ಕೂಸು ತಾನು ಕೆಟ್ಟವಳಿರಬೇಕು ಅಂದುಕೊಂಡು ಸುಮ್ಮನೆ ತಾಟು ಬರಿದು ಮಾಡುವುದನ್ನು ನೋಡಲಾಗುವುದಿಲ್ಲ.

ಆದ್ದರಿಂದ ಸವಿನಯ ಪ್ರಾರ್ಥನೆಯೇನೆಂದರೆ, ತನುಜಾ ಶಾಣ್ಯಾಕಿ, ಅಂದರೆ ಒಳ್ಳೆಯ ಜಾಣೆ ಹುಡುಗಿ, ಎಂದು ತಮ್ಮ ಕಚೇರಿಯ ಮೊಹರಿನೊಂದಿಗೆ ಒಂದು ಪ್ರಮಾಣಪತ್ರ ದಯಪಾಲಿಸಬೇಕು, ಅದು ಬೇಸಿಗೆ ರಜೆಗೆ ಮೊದಲೇ ಬರಬೇಕು. ಸಾಧ್ಯವಾದರೆ ಖುದ್ದಾಗಿ ಬರಬೇಕು. ನಮ್ಮ ಮನೆಗೆ ಹೊಗೆಯ ಕೊಳವೆ ಇಲ್ಲ, ಅಡುಗೆಮನೆಯ ಮೇಲೆ ಬೆಳಕಿಂಡಿ ಇದೆ, ಆದರೆ ತಮ್ಮ ಚಿತ್ರಗಳನ್ನು ನೋಡಿದರೆ ತಾವು ಅದರಲ್ಲಿ ಇಳಿಯುವುದು ಕಷ್ಟ, ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಜಿಂಕೆಗಳಿಗೆ ಗೋವಿನಜೋಳದ ಸೊಪ್ಪೆ ಬೇಕಾದಷ್ಟಿದೆ. ಇದಾವುದೂ ಆಗದಿದ್ದರೆ, ಹತ್ತೊಂಬತ್ತರಲ್ಲಿ ಯಾವುದಾದರೂ ಒಂದನ್ನು ತಮ್ಮದೆಂದು ಒಪ್ಪಿಕೊಳ್ಳಿ. ಗಡಿಯಾರವಾದರೂ ಚಿಂತೆಯಿಲ್ಲ.

ಇಷ್ಟು ಬರೆದು ಅಂಚೆಗೆ ಒಯ್ದಾಗ ಕೌಂಟರಿನ ಹುಡುಗಿ ಪಿನ್‌ಕೋಡ್ ಕೇಳಿದಳು. ಪತ್ರವನ್ನು ತಿರುಗಿ ಕಿಸೆಯಲ್ಲಿಟ್ಟುಕೊಂಡು ಬಂದೆ. ತಮ್ಮ ಉತ್ತರಕ್ಕಾಗಿ ಕಾಯುವಷ್ಟು ವ್ಯವಧಾನ ಮನೆಯಲ್ಲಿ ಇರಲಿಲ್ಲ. ಹೀಗಾಗಿ ಈ ಮುಂದಿನ ಭಾಗವನ್ನು ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ದೂರು ಕೂಡ ಈಗ ಸ್ವಲ್ಪ ಬದಲಾಗಿದೆ.

ಸುಮಯ್ಯಾಳದೇ ಮಾದರಿಯ, ಗುಂಡಿ ಒತ್ತಿದರೆ ಖಾನೆ ತೆರೆಯುವ ಒಂದು ಪೆನ್ಸಿಲ್ ಡಬ್ಬಿ ಕೊಂಡೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಕಾಗದ ಸುತ್ತಿದೆ, ಅಕ್ಷರದ ಗುರುತು ಸಿಗದಿರಲೆಂದು ಎಡಗೈಯಲ್ಲಿ ತನುಜಾ ಎಂದು ಬರೆದೆ. ಬರೆದ ಮೇಲೆ ಕೈ ತಾನಾಗಿಯೇ ಅದರ ಕೆಳಗೆ ನನ್ನ ಹೆಸರಿನ ಜಾಗಕ್ಕೆ ಹೋಯಿತು. ಆ ಜಾಗವನ್ನು ಹಾಗೇ ಬಿಟ್ಟು ಪೆನ್ನಿನ ಮುಚ್ಚಳ ಹಾಕಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳಿದರೆ ತಾವು ನಗುತ್ತೀರಿ. ಬೆಳಗ್ಗೆ ಅದನ್ನು ಬಂದೇಸಾಬರ ಕೈಗಿತ್ತೆ. ಸಾಂತಾನ ಚೀಲದಿಂದ ಜಾರಿ ಹಿಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತೆಂದು ವ್ಯಾನಿನಲ್ಲಿ ಎಲ್ಲ ಮಕ್ಕಳ ಎದುರಿಗೆ ಹೇಳಿ, ಅವರು ಅದನ್ನು ಅವಳಿಗೆ ಕೊಟ್ಟರು.

ಮಧ್ಯಾಹ್ನ ತನುಜಾ ಚಪ್ಪಲಿ ಬಿಡದೆ ನೇರವಾಗಿ ಪಡಸಾಲೆಗೆ ಓಡಿಬಂದಳು. ಸಾಂತಾ ತನ್ನನ್ನು ಮರೆತಿರಲಿಲ್ಲವೆಂದೂ, ಎಲ್ಲರಿಗಿಂತ ಮೊದಲು ತನ್ನದನ್ನೇ ಚೀಲಕ್ಕೆ ಹಾಕಿದ್ದರಿಂದ ಅದು ತಳಕ್ಕೆ ಹೋಗಿ ಜಾರಿತೆಂದೂ ಮನೆಮಂದಿಗೆಲ್ಲ ವಿವರಿಸಿದಳು. ಹಾಗಲಕಾಯಿಯನ್ನು ಅಂದೇ ತಾಟಿನಿಂದ ಹೊರಗೆ ಎಸೆದಳು. ನನ್ನ ಕಣ್ಣು ತುಂಬಿ ಬಂತು, ತಮ್ಮೆದುರು ಮುಚ್ಚಿಡುವುದೇನಿದೆ. ಎಲ್ಲಿ ನೋಡೋಣ ಎಂದು ಡಬ್ಬಿಗೆ ಕೈ ಚಾಚಿದೆ. ಅವಳು ಅದನ್ನು ಎದೆಗೆ ಒತ್ತಿ ಹಿಡಿದು, "ಕೈ ಹಚ್ಚಬ್ಯಾಡ ಅಜ್ಜಾ. ಇದು ನಿಮ್ಮಂಥಾವ್ರು ಕೊಟ್ಟದ್ದಲ್ಲ" ಎಂದಳು.

ಮಾನ್ಯರೇ, ನಾನು ಹುಟ್ಟಿದಾಗಿನಿಂದ ಹೆಸರು ಹಾಕದೆ ಕೊಟ್ಟ ವಸ್ತು ಇದೊಂದೇ. ಅದನ್ನು ಮುಟ್ಟುವ ಹಕ್ಕು ಮನೆಯಲ್ಲಿ ನನಗೇ ಇಲ್ಲ, ಅವಳು ಅದನ್ನು ಅಪ್ಪಿಕೊಂಡೇ ಊಟಕ್ಕೆ ಕೂರುತ್ತಾಳೆ, ತಮ್ಮನ್ನೇ ಹೊಗಳುತ್ತಾಳೆ. ತಾವು ಲೋಕದ ಮಕ್ಕಳಿಗೆಲ್ಲ ಇಷ್ಟು ವರ್ಷ ಏನೇನು ಕೊಟ್ಟಿರೋ ನನಗೆ ಗೊತ್ತಿಲ್ಲ, ನಮ್ಮ ಮನೆಯಿಂದ ಮಾತ್ರ ತಾವು ಒಯ್ದದ್ದೇ ಹೆಚ್ಚು. ಆದರೂ ಅವಳು ಈಗ ಗೊಂಬೆಯ ಮುಖವನ್ನು ಈಚೆಗೆ ತಿರುಗಿಸಿದ್ದಾಳೆ, ಜೀಪಿನಲ್ಲಿ ಸುಮಯ್ಯಾಳನ್ನು ಕೂರಿಸಿಕೊಂಡು ಓಣಿ ತುಂಬ ಅಡ್ಡಾಡುತ್ತಾಳೆ. ಆದ್ದರಿಂದ ಪ್ರಮಾಣಪತ್ರ ಕಳಿಸುವ ಅಗತ್ಯವಿಲ್ಲ, ತಾವೂ ಬರಬೇಡಿ. ಬಂದು ನಿಜ ಹೇಳಿಬಿಟ್ಟರೆ ನಮ್ಮ ಗತಿಯೇನು?

ಇದನ್ನು ಬಹಿರಂಗವಾಗಿ ಅಚ್ಚು ಮಾಡಿಸಲು ನನಗೆ ಅಂಜಿಕೆಯಿಲ್ಲ, ಅವಳಿನ್ನೂ ಒತ್ತಕ್ಷರ ಕಲಿತಿಲ್ಲ. ಓದುವ ಹಿರಿಯರು ಮಕ್ಕಳ ಎದುರಿಗೆ ಗಟ್ಟಿಯಾಗಿ ಓದದಿದ್ದರೆ ಸಾಕು.

ತಮ್ಮ ವಿಶ್ವಾಸಿ,
(ಹೆಸರು ಬೇಡ)
ಶಿಗ್ಗಾಂವಿ

ತಾ.ಕ.: ಪೊಟ್ಟಣದ ಮೇಲೆ ಯಾರ ಹೆಸರೂ ಇರಲಿಲ್ಲವೆಂಬ ಸುದ್ದಿ ಹಿರೇಕೆರೂರು ಮುಟ್ಟಿದೆ. ಯಾರು ಕಳಿಸಿರಬಹುದೆಂದು ಕೇಳಿದವರಿಗೆಲ್ಲ ಬೀಗರು ನಾಗಪ್ಪನವರು ಹೌದು ಎನ್ನದೆ, ಅಲ್ಲ ಎನ್ನದೆ, ಮೀಸೆಯಲ್ಲಿ ನಗುತ್ತಿದ್ದಾರಂತೆ. ತಾವು ನಿಜವಾಗಿ ಇದ್ದದ್ದೇ ಆದರೆ, ಮೊಮ್ಮಗಳಿಗೆ ಗೊತ್ತಾಗದ ಹಾಗೆ, ಅವರೊಬ್ಬರಿಗೆ ಮಾತ್ರ ನನ್ನ ಹೆಸರು ಕೂಗಿ ಹೇಳಿ.