ಎರವಲು ಸಾಹೇಬ

ಕಂಡವರ ಬೀಗಗಳನ್ನೆಲ್ಲ ತೆಗೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ಅವನಿಗೆ ತನ್ನ ಬಾಯಿಗೊಂದು ಬೀಗ ಹಾಕಿಕೊಳ್ಳುವ ವಿದ್ಯೆ ಮಾತ್ರ ಒಲಿಯಲಿಲ್ಲ. ಒಲಿದಿದ್ದರೆ ಅಂದು ಬೆಳಿಗ್ಗೆ ಬಂದ ಫೋನಿನ ವಿಷಯ ಗಂಡ ಹೆಂಡತಿಯ ನಡುವೆಯೇ ಉಳಿಯುತ್ತಿತ್ತು.

ಫೋನ್ ಮಾಡಿದ್ದು ದತ್ತು ಕಚೇರಿಯ ಮೇಡಂ. "ಒಂದು ಮಗುವಿನ ವಿಷಯ ಮಾತಾಡೋದಿದೆ. ಸಂಜೆ ಮನೇಲಿರ್ತೀರಾ?" ಎಂದಷ್ಟೇ ಕೇಳಿ ಇಟ್ಟಿದ್ದರು.

ದತ್ತು ಪಡೆಯಲು ಇವರಿಬ್ಬರೂ ಯೋಗ್ಯರು ಎಂದು ಕಚೇರಿ ಒಪ್ಪಿಗೆ ಕೊಟ್ಟು ವರ್ಷದ ಮೇಲಾಗಿತ್ತು. ಅದಕ್ಕೆ ಮುಂಚೆ ಇದೇ ಮೇಡಂ ನಾಲ್ಕಾರು ಸಲ ಬಂದು ಫ್ರಿಜ್ಜು ತೆಗೆದು ನೋಡಿದ್ದರು, ಯಾವುದಕ್ಕೆ ಜಗಳ ಆಡುತ್ತೀರಿ ಎಂದು ಕೇಳಿದ್ದರು. ನಿಮ್ಮ ಕುಂದುಕೊರತೆ ಏನು ಎಂದಾಗ, ಹೆಂಡತಿ ಕಣ್ಸನ್ನೆ ಮಾಡುತ್ತಿದ್ದರೂ ಇವನು ಒಂದೂ ಬಿಡದೆ ಒದರಿದ್ದ. ಆಮೇಲೆ ಸದ್ದೇ ಇಲ್ಲ. ಕಚೇರಿಯವರು ಮನೆಗೆ ಮಗು ಹುಡುಕುವುದಿಲ್ಲ, ಮಗುವಿಗೆ ಮನೆ ಹುಡುಕುತ್ತಾರೆ. ಒಂದು ಮಗುವಿಗೆ ಎರಡು ಮೂರು ಮನೆ ಎದುರಿಗಿಟ್ಟುಕೊಂಡು ಯಾವುದು ಹೊಂದುತ್ತದೆ ಎಂದು ಕೂತು ಯೋಚಿಸುತ್ತಾರೆ. ಇವರು ಚಿಕ್ಕ ಕೋಣೆಗೆ ಹಳದಿ ಬಣ್ಣ ಬಳಿದು ಬಾಗಿಲು ಮುಚ್ಚಿಟ್ಟಿದ್ದರು. ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ, ಅದರ ಮುಂದೆ ಹಾದುಹೋಗುವಾಗ ಇಬ್ಬರೂ ದನಿ ತಗ್ಗಿಸುತ್ತಿದ್ದರು.

"ಯಾರಿಗೂ ಹೇಳ್ಬೇಡಿ. ನಾನು ಬೇಗ ಬಂದ್ಬಿಡ್ತೀನಿ," ಎಂದು ಹೆಂಡತಿ ತನ್ನ ಔಷಧಿ ಅಂಗಡಿಯ ಕೆಲಸಕ್ಕೆ ಹೋದಳು. ಅವಳು ರಸ್ತೆಯ ತಿರುವು ದಾಟುವಷ್ಟರಲ್ಲಿ ಇವನು ಮಹಡಿ ಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ಹೇಳಿಯಾಗಿತ್ತು.

ಮೇಷ್ಟ್ರು ಕೆಳಗಿಳಿದು ಬಂದು ಮನೆಯನ್ನೆಲ್ಲ ತಪಾಸಣೆ ಮಾಡಿದರು. "ಏನಯ್ಯಾ ಇದು? ಮನೇನೋ ದವಾಖಾನೇನೋ? ಮಕ್ಕಳು ಬರೋ ಮನೆ ಗಲಗಲ ಅನ್ಬೇಕು. ಆ ಮೇಡಂ ಕೈಲಿ ಇನ್ನೂ ಎರಡು ಮನೆ ಇರುತ್ತೆ. ಒಂದ್ರಲ್ಲಿ ಉಯ್ಯಾಲೆ ಇರುತ್ತೆ, ಇನ್ನೊಂದ್ರಲ್ಲಿ ತೋಟ. ನಿನ್ನ ಹತ್ರ ಏನಿದೆ? ಬೀಗ!"

ಆ ಇನ್ನೆರಡು ಮನೆಗಳು ಅವನ ಕಣ್ಣಿಗೆ ಕಟ್ಟಿದವು. ಉಯ್ಯಾಲೆ ಇದ್ದವನ ಮುಖದ ನಗು ಕೂಡ ಕಂಡಿತು.

ಅಷ್ಟರಲ್ಲಿ ಮೇಷ್ಟ್ರ ದನಿ ಕೇಳಿ ಎದುರಿನ ಬೇಕರಿಯಮ್ಮ ಗಲ್ಲಾ ಬಿಟ್ಟು ಓಡಿ ಬಂದರು. "ಅದಕ್ಯಾಕೆ ತಲೆ ಕೆಡಿಸ್ಕೋತೀರಿ? ನಮ್ಮ ಸಾಹೇಬನ್ನ ಕಟ್ಕೊಳ್ಳಿ. ನಾಯಿ ಇರೋ ಮನೆ ಅಂದ್ರೆ ಮಗು ಓಡೋಡಿ ಬರುತ್ತೆ!"

ಸಾಹೇಬ ಎಂದರೆ ಕರುವಿನಷ್ಟು ಎತ್ತರದ ಕಂದು ನಾಯಿ. ಅದಕ್ಕೆ ಹೆದರಿಯೇ ಬೀಗದವನು ಬೇಕರಿಯ ಬ್ರೆಡ್ಡನ್ನು ಹೆಂಡತಿಯ ಕೈಯಲ್ಲಿ ತರಿಸುತ್ತಿದ್ದ. ಬೀದಿ ತುದಿಯಲ್ಲಿ ಬಾಲ ಕಂಡರೆ ಸಾಕು, ಅದರ ಮುಂದಿನ ಭಾಗ ಕಾಣುವ ಮೊದಲೇ ರಸ್ತೆ ದಾಟಿಬಿಡುತ್ತಿದ್ದ. ಬೇಡ ಎನ್ನಲು ಬಾಯಿ ತೆರೆದ. ಉಯ್ಯಾಲೆಯವನು ಮತ್ತೆ ನಕ್ಕಂತಾಯಿತು.

"ಕೊಡಿ," ಎಂದ.

ಕೊಟ್ಟ ಗಳಿಗೆಯಿಂದ ಯಾರು ಯಾರನ್ನು ಹಿಡಿದಿದ್ದಾರೆ ಎಂಬುದೇ ತಿಳಿಯದಂತಾಯಿತು. ಸಾಹೇಬ ಅವನನ್ನು ಬೀದಿಗುಂಟ ಎಳೆದೊಯ್ದಿತು, ಲೈಟುಕಂಬಕ್ಕೆ ಸುತ್ತಿಸಿತು, ಮೇಷ್ಟ್ರ ಹೂಕುಂಡವೊಂದನ್ನು ಅವನ ಕೈಯಿಂದಲೇ ಒಡೆಸಿತು. "ಎದೆ ಸೆಟೆಸಿ ನಡೆಯಯ್ಯಾ!" ಎಂದು ಮೇಷ್ಟ್ರು ಮಹಡಿಯಿಂದ ಕೂಗುತ್ತಿದ್ದರು. ಸೆಟೆಸಲು ಎದೆಯಲ್ಲಿ ಉಸಿರು ಬೇಕಲ್ಲ! ಮನೆಗೆ ಬಂದ ಮೇಲೆ ಸಾಹೇಬ ಅವನ ಎಡಗಾಲಿನ ಚಪ್ಪಲಿ ತಿಂದಿತು. ಬಲಗಾಲಿನದ್ದನ್ನು ಅವನೇ ಕಳಚಿ ಮುಂದಿಟ್ಟ. ಕೊನೆಗೆ ಒಂದು ಪೊಟ್ಟಣ ಬಿಸ್ಕತ್ತು ಮುಗಿಸಿ, ಅವನ ಪಾದದ ಮೇಲೆಯೇ ತಲೆಯಿಟ್ಟು ನಿದ್ದೆ ಹೋಯಿತು.

ಕಾಲು ಅಲ್ಲಾಡಿಸಿದರೆ ಏಳುತ್ತದೆಂದು ಅವನು ಕಲ್ಲಿನಂತೆ ಕೂತ. ಎಷ್ಟೋ ಹೊತ್ತಿನ ಮೇಲೆ ನೋಡುತ್ತಾನೆ, ತನ್ನ ಕೈ ಸಾಹೇಬನ ಕಿವಿ ಕೆರೆಯುತ್ತಿದೆ! ಯಾವಾಗಿನಿಂದಲೋ ಕೆರೆಯುತ್ತಿದೆ. ಭಯ ಎಲ್ಲಿ ಎಂದು ಒಳಗೆಲ್ಲ ತಡಕಿದ. ಸಿಗಲಿಲ್ಲ. ನಲವತ್ತು ವರ್ಷ ಸಾಕಿದ ಭಯ ಹೇಳದೆ ಕೇಳದೆ ಎದ್ದುಹೋಗಿತ್ತು. ಅವನಿಗೆ ತನ್ನ ಮೇಲೇ ಗೌರವ ಬಂತು.

ಹೆಂಡತಿ ಬಂದವಳು ಹೊಸ್ತಿಲಲ್ಲೇ ನಿಂತಳು. "ಏನಿದು?" ಎಂದು ಕೇಳುವಷ್ಟರಲ್ಲಿ ಅವಳ ಬೆನ್ನ ಹಿಂದೆಯೇ ಮೇಡಂ ಬಂದರು. ಬಂದವರು ಗೇಟಿನಿಂದ ಈಚೆಗೆ ಕಾಲಿಡಲಿಲ್ಲ.

"ಈ ನಾಯಿ ಯಾರದು?"

"ನಮ್ಮದೇ ಮೇಡಂ!" ಬೀಗದವನು ಸಾಹೇಬನ ಕುತ್ತಿಗೆ ತಬ್ಬಿಕೊಂಡ.

"ಅವರದ್ದೇ! ಮರಿಯಿಂದ ಸಾಕಿದಾರೆ!" ಮಹಡಿಯಿಂದ ಮೇಷ್ಟ್ರು.

"ಅದಿಲ್ದೆ ಅವರಿಗೆ ತುತ್ತು ಇಳಿಯಲ್ಲ!" ಎದುರಿನಿಂದ ಬೇಕರಿಯಮ್ಮ.

ಮೇಡಂ ಮುಖ ಸಪ್ಪಗಾಯಿತು. "ನಾಯಿ ಅಂದ್ರೆ ಪ್ರಾಣಭಯ ಅಂತ ನೀವೇ ಹೇಳಿದ್ರಲ್ಲ? ಆರು ವರ್ಷದ ಹುಡುಗಿ ಅವಳು. ಒಂದು ನಾಯಿ ಅಟ್ಟಿಸಿಕೊಂಡು ಬಂದಾಗಿಂದ ಹೊರಗೆ ಕಾಲಿಡೋಕೇ ಹೆದರ್ತಾಳೆ. ಎಲ್ಲರೂ ಪುಕ್ಕಲಿ ಅಂತಾರೆ. ಮೂರು ಮನೆ ನೋಡಿದ್ವಿ. ಒಂದ್ರಲ್ಲಿ ಉಯ್ಯಾಲೆನೂ ಇತ್ತು. ನಿಮ್ಮನೇಲಿ ಏನೂ ಇರ್ಲಿಲ್ಲ. ಆದ್ರೆ ನಾಯಿ ಕಂಡ್ರೆ ರಸ್ತೆ ದಾಟೋ ಅಪ್ಪ ಒಬ್ಬರಿದಾರೆ ಅಂದಾಗ, ನನ್ನ ಮುಂದೆ ಅವಳು ಮೊದಲನೇ ಸಲ ನಕ್ಕಳು. ಅದಕ್ಕೇ ನಿಮ್ಮನ್ನ ಆರಿಸಿದ್ದು."

ಬೀಗದವನ ಕೈ ಸಾಹೇಬನ ಕುತ್ತಿಗೆಯಿಂದ ಜಾರಿತು. "ಭಯ ಇದೆ ಮೇಡಂ! ನಿಮ್ಮಾಣೆ ಇದೆ! ನೋಡಿ ಹೇಗೆ ನಡುಗ್ತಿದೀನಿ!" ಎಂದು ಎರಡೂ ಕೈ ಚಾಚಿದ. ಹಾಳು ಕೈಗಳು ಕಂಬದಂತೆ ನಿಂತಿದ್ದವು. ಸಾಹೇಬ ಅವುಗಳನ್ನು ಪ್ರೀತಿಯಿಂದ ನೆಕ್ಕಿತು.

"ಸಾಕು ನಿಲ್ಸಿ," ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. "ಮೇಡಂ, ಬೆಳಿಗ್ಗೆ ಈ ನಾಯಿ ನಮ್ಮನೇಲಿರ್ಲಿಲ್ಲ. ಇವರ ಬುದ್ಧಿಯಂತೂ ಈಗ್ಲೂ ಇಲ್ಲ."

"ಅವಳಿಗೆ ನಾನೇನು ಹೇಳ್ಲಿ ಈಗ? ಫೋನಿನ ಹತ್ರ ಕಾಯ್ತಿದಾಳೆ," ಎಂದ ಮೇಡಂ ಸ್ವಲ್ಪ ಯೋಚಿಸಿ ನಂಬರ್ ಒತ್ತಿ, ಗೇಟು ದಾಟಿ ಬಂದು ಫೋನನ್ನು ಅವನ ಕೈಗಿಟ್ಟರು. "ನೀವೇ ಹೇಳಿ."

ಸಣ್ಣ ದನಿಯೊಂದು ಕೇಳಿತು. "ಬೀಗದ ಅಂಕಲ್ಲಾ? ನಿಮಗೂ ನಾಯಿ ಅಂದ್ರೆ ಭಯಾನಾ?"

ಹೌದು ಎಂದರೆ ಮುಗಿಯಿತು. ಈಗ ತಾನೇ ಅಷ್ಟು ದೊಡ್ಡ ಸುಳ್ಳಾಡಿದವನಿಗೆ ಇದೊಂದು ಭಾರವಲ್ಲ. ಆದರೆ ಆ ದನಿಗೆ ಸುಳ್ಳು ಹೇಳಲು ಅವನ ನಾಲಿಗೆ ಏಳಲಿಲ್ಲ.

"ಮಧ್ಯಾಹ್ನದ ತನಕ ಇತ್ತು ಪುಟ್ಟಿ. ಆಮೇಲೆ ಎಲ್ಲಿಗೋ ಹೋಗ್ಬಿಡ್ತು."

ಹೆಂಡತಿ ಅವನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ನಾಟಿತು.

"ಅದು ಹೋಗುತ್ತಾ?" ಎಂದಿತು ದನಿ.

"ಹೋಯ್ತಲ್ಲಮ್ಮಾ."

"ನಂಗೂ ಹೇಳ್ಕೊಡ್ತೀರಾ?"

"ಹೇಳ್ಕೊಡ್ತೀನಿ," ಎಂದ.

"ಹಾಗಾದ್ರೆ ಅದು ಅಲ್ಲೇ ಇರ್ಲಿ. ಆದ್ರೆ ನಾನು ಬಂದಾಗ ಕಟ್ಟಿಹಾಕಿ."

ಮೇಡಂ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಮೊದಲ ಭೇಟಿಗೆ ಭಾನುವಾರ ಕರೆತರುತ್ತೇನೆ ಎಂದು ಹೊರಟರು.

ಅವನು ಕುಣಿಯುತ್ತಾ ಬೇಕರಿಗೆ ಹೋದ. "ಅಮ್ಮಾ, ಸಾಹೇಬನ್ನ ಇನ್ನೊಂದಷ್ಟು ದಿನ..."

"ಒಂದಷ್ಟು ದಿನ ಏನು ಬಂತು? ನಿಮ್ಮದೇ ಅಂತ ಬೀದಿಗೆಲ್ಲ ಕೇಳೋ ಹಾಗೆ ಒಪ್ಕೊಂಡಿದೀರಿ!" ಬೇಕರಿಯಮ್ಮ ಸಾಹೇಬನ ತಟ್ಟೆ, ಹಾಸಿಗೆಗಳನ್ನು ಆಗಲೇ ಗಂಟು ಕಟ್ಟಿಟ್ಟಿದ್ದರು. "ಯಾರಿಗಾದ್ರೂ ದಾಟಿಸ್ಬೇಕು ಅಂತ ಎಷ್ಟು ವರ್ಷದಿಂದ ಒದ್ದಾಡ್ತಿದ್ದೆ ಗೊತ್ತಾ!"

ಮನೆಗೆ ಬಂದು ಬಾಗಿಲು ಹಾಕಿ ಸಾಹೇಬನ ಹಗ್ಗ ಬಿಚ್ಚಿದ. ಸಾಹೇಬ ಖಾಲಿ ಬಿಸ್ಕತ್ತಿನ ಪೊಟ್ಟಣ ಮೂಸಿತು, ಅವನನ್ನು ನೋಡಿತು, ಒಂದೇ ಒಂದು ಸಲ ಬೊಗಳಿತು.

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಾಗ ಅವನು ಊಟದ ಮೇಜಿನ ಮೇಲಿದ್ದ. ಮೊಣಕಾಲು ಎದೆಗವಚಿಕೊಂಡು, ಈಗ ಬೇಕಾದಷ್ಟು ನಡುಗುತ್ತಿದ್ದ. ಹೋದ ಭಯ ದೂರವೇನೂ ಹೋಗಿರಲಿಲ್ಲ.

"ಇಳೀರಿ ಕೆಳಗೆ! ಭಾನುವಾರ ಆ ಮಗು ಬರುತ್ತೆ. ಧೈರ್ಯ ಹೇಳ್ಕೊಡ್ತೀನಿ ಅಂದಿದೀರಿ!"

ಅವನು ಸಾಹೇಬನನ್ನು ನೋಡಿದ. ಆಮೇಲೆ ಮೇಜಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದ.

"ಬರ್ಲಿ. ಇಬ್ಬರೂ ಒಟ್ಟಿಗೇ ಇಳೀತೀವಿ," ಎಂದ.