ನಮ್ಮೂರ ಕೆರೆಯ ಇಟಲಿ ಕೈದಿಗಳು

ನಗುವಿಗೆ ಹೊತ್ತುಗೊತ್ತು ಇಲ್ಲ. ಬರಬಾರದ ಕಡೆಗೇ ಬರೋದು ಅದರ ಚಾಳಿ. ಯುದ್ಧದ ಕಾಲದಲ್ಲಿ ಮುಳ್ಳುತಂತಿ ಬೇಲಿಯ ಪಕ್ಕ ಕೆಲಸ ಮಾಡಿದ ನನಗೆ ಅದು ಎಷ್ಟು ಸಲ ಬಂತೋ ಹೇಳಲಾರೆ. ಬಂದಾಗಲೆಲ್ಲ ಅತ್ತಿತ್ತ ನೋಡಿ ನುಂಗಿಕೊಂಡಿದ್ದೇನೆ. ಈಗ ಹೇಳಿದರೆ ಯಾರಿಗೂ ತೊಂದರೆ ಇಲ್ಲ.

ಆಗ ನಮ್ಮೂರು ದೇವರಾಯಸಮುದ್ರದ ಕೆರೆಯ ತೂಬು ಒಡೆದಿತ್ತು. ಊರಲ್ಲಿ ಕೈ ಗಟ್ಟಿ ಇದ್ದ ಗಂಡಸರು ಕೆಲವರು ಯುದ್ಧದ ಪಟಾಲಮ್ಮಿಗೆ, ಕೆಲವರು ಚಿನ್ನದ ಗಣಿಗೆ ಹೋಗಿಬಿಟ್ಟಿದ್ದರು. ಬೆಂಗಳೂರಿನ ಕ್ಯಾಂಪಿನಲ್ಲಿ ಇಟಲಿ ದೇಶದ ಯುದ್ಧಕೈದಿಗಳು ತುಂಬಿದ್ದರು. ಅವರಲ್ಲಿ ಕಲ್ಲು ಕೆಲಸ, ಗಾರೆ ಕೆಲಸ ಬಲ್ಲ ಇಪ್ಪತ್ನಾಲ್ಕು ಜನರನ್ನು ಆರಿಸಿ, ಲಾರಿಯಲ್ಲಿ ತಂದು, ಕೆರೆ ಏರಿಯ ಕೆಳಗೆ ಡೇರೆ ಹಾಕಿ ಇಟ್ಟರು. ಕಾವಲಿಗೆ ಮಾಲೂರು ಕಡೆಯ ಒಬ್ಬ ಹವಾಲ್ದಾರರು, ನಾಲ್ಕು ಜನ ಸಿಪಾಯಿಗಳು. ದುಭಾಷಿ ನಾನು. ಊರಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ. ಕೈದಿಗಳಲ್ಲೂ ಇಂಗ್ಲಿಷ್ ಬಲ್ಲವನು ಒಬ್ಬನೇ, ಒಬ್ಬ ಗಿಡ್ಡ ಗಾರೆ ಮೇಸ್ತ್ರಿ. ಅವನ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವನಿಗೆ ಅರ್ಧ. ಹೇಗೋ ನಡೆಯುತ್ತಿತ್ತು.

ಇನ್ನೊಂದು ಮಾತು. ಪಟಾಲಮ್ಮಿಗೆ ಸೇರಿದ್ದ ನಮ್ಮಣ್ಣ ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕಿದ್ದ. ಅವನನ್ನು ಹಿಡಿದುಕೊಂಡು ಹೋದದ್ದು ಇಟಲಿಗೆ. ‘ಬದುಕಿದ್ದೇನೆ, ಕ್ಷೇಮ’ ಅಂತ ಅಚ್ಚು ಹಾಕಿದ ಒಂದು ಕಾರ್ಡು ಬಂದಿತ್ತು, ಕೆಳಗೆ ಅವನ ಸಹಿ ಮಾತ್ರ. ಅಮ್ಮ ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದಳು. ಅಂಥ ಮನೆಯಿಂದ ನಾನು ದಿನಾ ಬೆಳಗ್ಗೆ ಎದ್ದು ಇಟಲಿಯವರ ಹತ್ತಿರ ಕೆಲಸಕ್ಕೆ ಹೋಗುತ್ತಿದ್ದೆ.

ತಂತಿಯ ಮೇಲೆ ಶಾವಿಗೆ

ಮೊದಮೊದಲು ಊರಿನವರು ಯಾರೂ ಬೇಲಿಯ ಹತ್ತಿರ ಸುಳಿಯಲಿಲ್ಲ. ನೀರಿಗೆ ಹೋಗುವ ಹೆಂಗಸರು ಏರಿ ಬಿಟ್ಟು ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಕೈದಿಗಳೂ ತಲೆ ಎತ್ತುತ್ತಿರಲಿಲ್ಲ. ಕಲ್ಲು ಹೊರುವುದು, ಉಣ್ಣುವುದು, ಮಲಗುವುದು.

ಒಂದು ದಿನ ರೇಷನ್ನಿನಲ್ಲಿ ಅವರಿಗೆ ಗೋಧಿಹಿಟ್ಟು ಬಂತು. ಅದನ್ನು ಕಂಡು ಇಬ್ಬರು ಮೂವರು ಅತ್ತೇಬಿಟ್ಟರು. ಆಮೇಲೆ ಎಲ್ಲರೂ ಸೇರಿ ನಾದಿ, ಲಟ್ಟಿಸಿ, ಎಳೆಎಳೆಯಾಗಿ ಕೊಯ್ದು, ಒಣಗಲಿ ಅಂತ ಮುಳ್ಳುತಂತಿಯ ಮೇಲೆ ಹರವಿದರು. ಬೇಲಿಯ ಉದ್ದಕ್ಕೂ ಬೆಳ್ಳಗೆ ಎಳೆಗಳು ತೂಗಾಡುತ್ತಿದ್ದವು. ಬದುವಿನ ಮೇಲೆ ಹೋಗುತ್ತಿದ್ದ ಹೆಂಗಸರು ನಿಂತರು. ಮುಂದಿದ್ದ ಅಜ್ಜಿಯೊಬ್ಬಳು ತೆಲುಗಿನಲ್ಲಿ ಕೂಗಿದಳು, “ಓಸಿ, ಶಾವಿಗೆ ಕದಾ ಇದಿ!” ಅಯ್ಯೋ, ಇದು ಶಾವಿಗೆ ಅಲ್ವಾ ಅಂತ.

ಅಷ್ಟೇ, ಭಯ ಹೋಯಿತು. ಬಿಂದಿಗೆ ಇಳಿಸಿ ಎಲ್ಲರೂ ಬೇಲಿಗೆ ಬಂದರು. ಅಜ್ಜಿ ಒಂದು ಎಳೆ ಮುರಿದು ನೋಡಿ, “ದಪ್ಪ ಆಯ್ತು. ಇನ್ನೂ ನಾದಬೇಕು ಅಂತ ಹೇಳಪ್ಪ ಇವರಿಗೆ” ಅಂದಳು. ನಾನು ಹೇಳಿದೆ. ಮೇಸ್ತ್ರಿಗೆ ಕೋಪ ಬಂತು. ತನ್ನ ಅಜ್ಜಿ ಇಷ್ಟೇ ದಪ್ಪ ಮಾಡುತ್ತಿದ್ದಳಂತೆ.

“ಗಂಡಸರು ಶಾವಿಗೆ ಮಾಡಿದ್ರೆ ಇವರ ಹೆಂಗಸರು ಏನ್ಮಾಡ್ತಾರಂತೆ?” ಅಂತ ಅಜ್ಜಿ ಕೇಳಿದಳು.

ಅದನ್ನೂ ಕೇಳಿದೆ. ಮೇಸ್ತ್ರಿ ಕೈಯ ಹಿಟ್ಟು ಒರೆಸಿಕೊಂಡು, “ಯುದ್ಧಕ್ಕೆ ಹೋದವರಿಗಾಗಿ ಕಾಯ್ತಾರೆ” ಅಂದ. ಅದನ್ನು ಕನ್ನಡದಲ್ಲಿ ಹೇಳಿದೆ.

ಅಜ್ಜಿ ಬಿಂದಿಗೆ ಎತ್ತಿಕೊಂಡು ಅಂದಳು, “ಅದನ್ನ ನಾವೂ ಮಾಡ್ತೀವಿ ಕಣಪ್ಪ. ಆದ್ರೆ ಶಾವಿಗೇನೂ ನಾವೇ ಮಾಡ್ತೀವಿ.”

ಮುದ್ದೆ ಎಂಬ ಗುಟ್ಟು

ಮಾರನೇ ದಿನ ನಮ್ಮಮ್ಮ ಬಂದಳು. ಅಲ್ಲಿಯವರೆಗೆ ಆ ಕಡೆ ತಲೆ ಹಾಕಿರಲಿಲ್ಲ. ಗೇಟಿನ ಹತ್ತಿರ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ನಿನ್ನ ಹತ್ರ ಮಾತಾಡೋನು ಯಾವನೋ?”

ಮೇಸ್ತ್ರಿಯನ್ನು ತೋರಿಸಿದೆ.

“ಅವನಿಗೆ ತಾಯಿ ಅವ್ಳಾ ಕೇಳು.”

ಇದ್ದಾಳಂತೆ ಅಂದೆ.

“ಕಾಗದ ಬರೀತಾನಾ?”

ತಿಂಗಳಿಗೊಂದು ಬರೀತಾನೆ ಅಂದೆ.

“ಹಂಗಾದ್ರೆ ಹೇಳು. ನನ್ನ ದೊಡ್ಡ ಮಗ ಅವರ ದೇಶದಾಗವ್ನೆ. ಅವನಿಗೆ ಏನು ತಿಂದ್ರೂ ಹೊಟ್ಟೆ ತುಂಬಲ್ಲ, ಮುದ್ದೆ ಬೇಕು. ಆಯಮ್ಮ ವಾರಕ್ಕೊಂದು ದಿನ ಅವನಿಗೆ ಮುದ್ದೆ ಮಾಡಿ ಇಕ್ಕಲಿ. ಇವನನ್ನ ನಾನು ನೋಡ್ಕೋತೀನಿ.”

“ಅಮ್ಮಾ, ಇಟಲಿ ಅಂದ್ರೆ ಮುಳಬಾಗಿಲು ಅಲ್ಲ. ಅಣ್ಣ ಯಾವ ಮೂಲೇಲಿದ್ದಾನೋ, ಇವರಮ್ಮ ಯಾವ ಮೂಲೇಲೋ.”

“ಹೇಳು ಅಂದ್ರೆ ಹೇಳೋ.”

ಹೇಳಿದೆ. ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮುದ್ದೆ ಅಂದರೇನು, ಹೇಗೆ ಮಾಡೋದು, ಹೇಗೆ ತಿನ್ನೋದು ಅಂತ ನನ್ನಿಂದ ಕೇಳಿ ಕೇಳಿ ಅವತ್ತೇ ಕಾಗದ ಬರೆದ.

ಕೆಲವು ದಿನ ಕಳೆದು ಬೆಂಗಳೂರಿಂದ ಜೀಪಿನಲ್ಲಿ ಒಬ್ಬ ಬಿಳಿ ಅಧಿಕಾರಿ ಬಂದಿಳಿದ. ಕೈದಿಗಳ ಕಾಗದ ಓದುವ ಕಚೇರಿಯವನು. ಕೈಯಲ್ಲಿ ಅದೇ ಕಾಗದ. ಹವಾಲ್ದಾರರು ಸೆಲ್ಯೂಟ್ ಹೊಡೆದು ಹಾಗೇ ಬೆವರತೊಡಗಿದರು.

“ಈ ಕಾಗದದಲ್ಲಿ ‘ಮುದ್ದೆ’ ಅನ್ನೋ ಶಬ್ದ ನಾಲ್ಕು ಸಲ ಬಂದಿದೆ. ಯಾವ ನಿಘಂಟಿನಲ್ಲೂ ಇಲ್ಲ” ಅಂದ ಅಧಿಕಾರಿ. “ಗುಂಡಗಿದೆ, ಬಿಸಿ ಇದೆ, ಹಲ್ಲು ತಾಗಿಸಬಾರದು, ಒಬ್ಬನಿಗೆ ಎರಡು ಸಾಕು ಅಂತ ಬರೆದಿದ್ದಾನೆ. ಏನು ಈ ಆಯುಧ?”

ಊಟದ ಪದಾರ್ಥ ಅಂದೆ. ನಂಬಲಿಲ್ಲ. ಮನೆಗೆ ಓಡಿದೆ. ಅಮ್ಮ ಆಗತಾನೇ ಕಟ್ಟಿದ್ದ ಮುದ್ದೆ, ಸೊಪ್ಪಿನ ಸಾರು ತಾನೇ ಹೊತ್ತು ತಂದಳು. ಅಧಿಕಾರಿ ಮುದ್ದೆಯ ಸುತ್ತ ಒಂದು ಸುತ್ತು ಬಂದು, ಮುರಿದು, ಬಾಯಿಗೆ ಹಾಕಿ ಅಗಿದ. ಅಗಿದಷ್ಟೂ ಅದು ಹಲ್ಲಿಗೆ ಮೆತ್ತಿಕೊಂಡಿತು. ಬಾಯಿ ಬಿಡಲಾರ, ಮಾತಾಡಲಾರ. ಹವಾಲ್ದಾರರು ನನ್ನ ಕಿವಿಯಲ್ಲಿ, “ಅಗೀಬೇಡಿ ಅಂತ ಹೇಳಪ್ಪ ದೊರೆಗಳಿಗೆ, ನನ್ನ ಕೆಲಸ ಹೋಗುತ್ತೆ” ಅಂದರು.

ಅಮ್ಮ ಮಾತ್ರ ಮರುಕದಿಂದ ನೋಡುತ್ತಿದ್ದಳು. “ಪಾಪ, ಹಲ್ಲಿರೋದೇ ಅಡ್ಡ ಆಯ್ತು ನೋಡು ಅವನಿಗೆ.”

ಅಧಿಕಾರಿ ಎರಡು ಚೊಂಬು ನೀರು ಕುಡಿದು, ಕಾಗದ ಹೋಗಲಿ ಅಂತ ಒಪ್ಪಿಗೆ ಕೊಟ್ಟ. ಅದರ ಅಂಚಿನಲ್ಲಿ ಬರೆದದ್ದನ್ನು ನಾನು ಇಣುಕಿ ಓದಿದೆ. ‘ಆಯುಧವಲ್ಲ. ಆದರೂ ಎಚ್ಚರಿಕೆ ಇರಲಿ.’

ಉಣ್ಣೆ ಬನೀನು

ಅದಕ್ಕೆ ಉತ್ತರ ಬರಲು ಎಷ್ಟೋ ತಿಂಗಳು ಹಿಡಿಯಿತು. ಬಂದಾಗ ಕಡು ಬೇಸಿಗೆ. ಶ್ರೀನಿವಾಸಪುರದ ಕಡೆಯಿಂದ ಮಾವಿನಕಾಯಿ ಗಾಡಿಗಳು ಬರುತ್ತಿದ್ದವು, ಏರಿಯ ಕಲ್ಲಿನ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುತ್ತಿತ್ತು. ಮೇಸ್ತ್ರಿ ಕಾಗದ ಹಿಡಿದು ಓಡಿಬಂದ. ಅಮ್ಮನನ್ನು ಕರೆಸಿದೆ.

ನಮ್ಮ ದೇಶದ ಸಿಪಾಯಿಗಳಿರುವ ಕ್ಯಾಂಪು ಆಯಮ್ಮನ ಹಳ್ಳಿಗೆ ಬಹಳ ದೂರವಂತೆ. ರಾಗಿಯನ್ನು ಅವಳು ಕಂಡೇ ಇಲ್ಲವಂತೆ. ಆದರೆ ಪ್ರತಿ ಭಾನುವಾರ ಗುಡಿಯಲ್ಲಿ ಎರಡು ಮೇಣದ ಬತ್ತಿ ಹಚ್ಚುತ್ತಿದ್ದಾಳಂತೆ, ಒಂದು ತನ್ನ ಮಗನಿಗೆ, ಒಂದು ಅಣ್ಣನಿಗೆ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಇಂಥ ಮನಸ್ಸಿನೋಳು ಹೆಂಗಾದ್ರೂ ರಾಗಿ ಹುಡುಕಿ ಇಕ್ತಾಳೆ ಬಿಡು” ಅಂದಳು.

ಕೊನೆಗೆ ಒಂದು ಸಾಲಿತ್ತು. ‘ನನ್ನ ಮಗನಿಗೆ ಎದೆ ಸೂಕ್ಷ್ಮ. ನಾನು ಹೆಣೆದುಕೊಟ್ಟ ಉಣ್ಣೆಯ ಬನೀನು ಹಾಕಿಕೊಳ್ತಾನಾ ಅಂತ ಆ ತಾಯಿ ನೋಡಿಕೊಳ್ಳಲಿ.’

“ಎಲ್ಲೋ ಅದು?” ಅಂದಳು ಅಮ್ಮ.

“ಅಮ್ಮಾ, ಈ ಬಿಸಿಲಲ್ಲಿ...”

“ಬಿಸಿಲಂತೆ ಬಿಸಿಲು! ಆಯಮ್ಮನಿಗೆ ನಾನೇನು ಹೇಳ್ಲಿ? ಹಾಕ್ಕೊಳ್ಳೋಕೆ ಹೇಳು ಅವನಿಗೆ.”

ಮೇಸ್ತ್ರಿ ಹಾಕಿಕೊಂಡ. ಅಮ್ಮ ಮೇಲಿನ ಗುಂಡಿಯನ್ನು ತಾನೇ ಹಾಕಿ ಹೋದಳು. ಅವತ್ತಿನಿಂದ ಏರಿಯ ಮೇಲೆ ಅಮ್ಮ ಕಂಡರೆ ಸಾಕು, ಅವನು ಗಾರೆ ಮೆತ್ತುವ ಕರಣೆ ಬಿಸಾಕಿ ಬನೀನಿಗಾಗಿ ಡೇರೆಗೆ ಓಡುತ್ತಿದ್ದ. ಮೊದಲ ಸಲ ಹಾಗೆ ಓಡಿದಾಗ, ಕೈದಿ ತಪ್ಪಿಸಿಕೊಂಡ ಅಂತ ಸಿಪಾಯಿಗಳು ಸೀಟಿ ಊದಿ ಕೋವಿ ಹಿಡಿದು ಬೆನ್ನು ಹತ್ತಿದರು. ಡೇರೆಯೊಳಗೆ ನುಗ್ಗಿ ನೋಡಿದರೆ ಅವನು ಬೆವರು ಸುರಿಸುತ್ತಾ ಗುಂಡಿ ಹಾಕಿಕೊಳ್ಳುತ್ತಿದ್ದ.

ಅಣ್ಣ ಉಂಡ ಮುದ್ದೆ

ಆಮೇಲೆ ಇಟಲಿ ಸೋತಿತು. ನಾವು ಅಣ್ಣ ಬರುತ್ತಾನೆ ಅಂದುಕೊಂಡೆವು. ಬರಲಿಲ್ಲ, ಇನ್ನೊಂದು ಕಾರ್ಡೂ ಬರಲಿಲ್ಲ. ಮೇಸ್ತ್ರಿಗೂ ಕಾಗದ ಬರೋದು ನಿಂತಿತು. ಅವನ ಊರಿನ ಕಡೆ ಬಾಂಬು ಬೀಳುತ್ತಿದ್ದವು. ಅಮ್ಮ ವಾರಕ್ಕೊಂದು ಸಲ ಅವನಿಗೆ ಸಾರು ಕೊಟ್ಟು, ಅವನು ಉಣ್ಣುವವರೆಗೆ ಬೇಲಿಯಾಚೆ ಕೂತಿರುತ್ತಿದ್ದಳು. ಇಬ್ಬರೂ ಏನನ್ನೂ ಕೇಳುತ್ತಿರಲಿಲ್ಲ. ನನಗೂ ಅಲ್ಲಿ ಕೆಲಸವಿರಲಿಲ್ಲ.

ತೂಬಿನ ಕೆಲಸ ಮುಗಿದ ಮೇಲೆ ಕೈದಿಗಳನ್ನು ಲಾರಿ ಹತ್ತಿಸಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಮೇಸ್ತ್ರಿಯ ತಾಯಿ ಉಳಿದಳೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ.

ಅಣ್ಣ ಬಂದದ್ದು ಯುದ್ಧವೆಲ್ಲ ಮುಗಿದ ಮೇಲೆ. ಬಸ್ಸಿನಿಂದ ಇಳಿದವನನ್ನು ನಾನು ಗುರುತು ಹಿಡಿಯಲಿಲ್ಲ. ಮೈಯಲ್ಲಿ ಮೂಳೆ ಮಾತ್ರ. ಇಟಲಿ ಸೋತಾಗ ಜರ್ಮನರು ಅವನನ್ನು ತಮ್ಮ ದೇಶಕ್ಕೆ ಸಾಗಿಸಿದ್ದರಂತೆ, ಅಲ್ಲಿಯ ಹಿಮದಲ್ಲಿ ಕಾಲಿನ ಎರಡು ಬೆರಳು ಹೋಗಿದ್ದವು. ದಾರಿಯಲ್ಲಿ ಅವನಿಗೆ ಮೇಸ್ತ್ರಿಯ ಕಾಗದದ ಕಥೆ ಹೇಳಿದೆ.

ಅಮ್ಮ ಅವನನ್ನು ಮುಟ್ಟಿ ಮುಟ್ಟಿ ನೋಡಿ, ಅತ್ತು ಮುಗಿಸಿ, ಮೊದಲು ಕೇಳಿದ್ದು ಇದನ್ನೇ. “ಆಯಮ್ಮ ಊಟ ಇಕ್ಕಿದ್ಳೇನೋ?”

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಅಮ್ಮನನ್ನು ನೋಡಿ, “ಹೂಂ ಅಮ್ಮ. ವಾರ ವಾರ ಇಕ್ಕಿದ್ರು” ಅಂದ. ಜೀವಮಾನದಲ್ಲಿ ಅವನು ಅಮ್ಮನಿಗೆ ಹೇಳಿದ ಸುಳ್ಳು ಅದೊಂದೇ ಇರಬೇಕು.

ಅಮ್ಮ ಉಸಿರು ಬಿಟ್ಟು ಒಲೆಯ ಕಡೆ ತಿರುಗಿದಳು. ತಟ್ಟನೆ ಏನೋ ಅನುಮಾನ ಬಂದು ಅಲ್ಲಿಂದಲೇ ಕೇಳಿದಳು. “ಮುದ್ದೆ ಗಂಟಾಗಿತ್ತೇನೋ?”

ಮುಳಬಾಗಿಲ ಬಜಾರಿನಲ್ಲಿ

ಇದು ಕೈದಿಗಳು ಬಂದ ಮೊದಲ ಮಳೆಗಾಲದ ಮಾತು. ಹವಾಲ್ದಾರರು ಬದುಕಿದರು, ಆದ್ದರಿಂದ ನಗುತ್ತಾ ಹೇಳಬಹುದು.

ಸಿಪಾಯಿಗಳಲ್ಲಿ ಇಬ್ಬರು ಚಳಿಜ್ವರ ಬಂದು ಮಲಗಿದ್ದರು, ಉಳಿದಿಬ್ಬರು ಕ್ಯಾಂಪು ಕಾಯಬೇಕು. ಹಾಗಾಗಿ ಸಾಮಾನು ಹೊರಲು ಐದು ಜನ ಕೈದಿಗಳನ್ನು ಕರೆದುಕೊಂಡು ಹವಾಲ್ದಾರರು ಒಬ್ಬರೇ ಮುಳಬಾಗಿಲಿಗೆ ಹೊರಟರು, ಜೊತೆಗೆ ನಾನು. ಅರ್ಧ ದಾರಿಯಲ್ಲಿ ಅವರಿಗೂ ಚಳಿ ಹತ್ತಿತು. ಹಲ್ಲು ಕಟಕಟ ಅಂದಿತು, ಕಣ್ಣು ಮೇಲೆ ಸಿಕ್ಕಿತು, ಆಲದ ಮರದ ಕೆಳಗೆ ದೊಪ್ಪನೆ ಬಿದ್ದರು. ಆಳು ಆನೆಯಂಥವರು. ಆಸ್ಪತ್ರೆ ಇದ್ದದ್ದು ಮುಳಬಾಗಿಲಿನಲ್ಲಿ.

ಸುತ್ತ ಒಬ್ಬ ನರಪಿಳ್ಳೆ ಇಲ್ಲ. ಐದು ಜನ ಕೈದಿಗಳು, ತೆರೆದ ರಸ್ತೆ, ನೆಲದ ಮೇಲೆ ಒಂದು ಕೋವಿ. ಮೇಸ್ತ್ರಿ ನನ್ನನ್ನು ನೋಡಿದ. ಅವನು ಪಕ್ಕದ ಹೊಲದ ಗುಡಿಸಲಿನತ್ತ ಓಡಿ, ಒಂದು ಹಗ್ಗದ ಮಂಚ, ಒಂದು ಕಂಬಳಿ ಹೊತ್ತು ತಂದ. ಮಿಕ್ಕ ನಾಲ್ವರು ಕೈದಿಗಳು ಹವಾಲ್ದಾರರನ್ನು ಅದರ ಮೇಲೆ ಮಲಗಿಸಿ ಕಂಬಳಿ ಹೊದಿಸಿ ಹೆಗಲಿಗೆ ಎತ್ತಿಕೊಂಡರು. ಉಳಿದದ್ದು ಕೋವಿ. ಅದನ್ನು ಮುಟ್ಟಲು ನನಗೆ ಭಯ. ಮೇಸ್ತ್ರಿ ತಾನೇ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ.

ಮುಳಬಾಗಿಲ ಬಜಾರು ಹೊಕ್ಕೆವು. ಜನ ಕಂಡದ್ದು ಇಷ್ಟು. ಮುಂದೆ ಕೋವಿ ಹೊತ್ತ ಇಟಲಿಯವನು, ಹಿಂದೆ ಮಂಚದ ಮೇಲೆ ನಮ್ಮ ಹವಾಲ್ದಾರರ ಹೆಣ. “ವಚ್ಚೇಸಿನಾರ್ರೋ!” ಅಂತ ಯಾರೋ ಕೂಗಿದರು. ಬಂದೇಬಿಟ್ಟರು ಅಂತ. ದಡದಡ ಅಂಗಡಿ ಬಾಗಿಲು ಮುಚ್ಚಿಕೊಂಡವು.

ಪೊಲೀಸ್ ಠಾಣೆಯ ಮುಂದೆ ಒಬ್ಬ ಪೇದೆ ನಿಂತಿದ್ದ. ಅವನ ಕೈಯಲ್ಲಿ ಲಾಠಿ ಮಾತ್ರ. ಕೋವಿ ನೋಡಿದವನೇ ಲಾಠಿ ಬಿಟ್ಟು ಎರಡೂ ಕೈ ಎತ್ತಿದ.

ಕೈ ಎತ್ತಿದವರನ್ನು ಕಂಡರೆ ಮೇಸ್ತ್ರಿಗೆ ಮರುಭೂಮಿಯ ನೆನಪು. ಅಲ್ಲಿ ಅವನ ಜೀವ ಉಳಿದದ್ದು ಕೈ ಎತ್ತಿದ್ದಕ್ಕೇ. ಅವನು ಕೋವಿಯನ್ನು ಮೆಲ್ಲಗೆ ನೆಲಕ್ಕಿಟ್ಟು ತಾನೂ ಎರಡು ಕೈ ಎತ್ತಿದ. ಅದನ್ನು ನೋಡಿ ಆ ನಾಲ್ವರೂ ಮಂಚ ಇಳಿಸಿ ಕೈ ಎತ್ತಿದರು. ಎಲ್ಲರೂ ಎತ್ತಿದ ಮೇಲೆ ನಾನೊಬ್ಬ ಯಾಕೆ ಅಂತ ನಾನೂ ಎತ್ತಿದೆ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ದರ್ಜಿ ಕತ್ತರಿ ಸಮೇತ ಕೈ ಎತ್ತಿಕೊಂಡು ಹೊರಗೆ ಬಂದ. ಎಲೆಅಡಿಕೆಯವಳು ಎತ್ತಿದಳು. ಶರಣಾಗಲು ಇಡೀ ಬಜಾರು ತಯಾರು, ಸೆರೆ ಹಿಡಿಯೋರೇ ಇಲ್ಲ.

ಮಂಚ ನೆಲಕ್ಕೆ ತಾಗಿದ ಕುಲುಕಿಗೆ ಹವಾಲ್ದಾರರಿಗೆ ಎಚ್ಚರವಾಯಿತು. ಕಂಬಳಿ ಸರಿಸಿ, ಕೆಂಪು ಕಣ್ಣಿನಿಂದ ಸುತ್ತ ಎತ್ತಿದ್ದ ಕೈಗಳನ್ನೆಲ್ಲ ನೋಡಿ, ಕ್ಷೀಣ ಸ್ವರದಲ್ಲಿ ಪೇದೆಯನ್ನು ಕೇಳಿದರು.

“ಏನಪ್ಪಾ, ಯುದ್ಧ ಮುಗೀತಾ? ಯಾರು ಸೋತ್ರು?”

ಪೇದೆ ಕೈ ಇಳಿಸದೆಯೇ ಹೇಳಿದ. “ಗೊತ್ತಾಗ್ತಿಲ್ಲ ಸ್ವಾಮಿ. ಸದ್ಯಕ್ಕೆ ಎಲ್ಲಾರೂ ಸೋತವ್ರೆ.”